ಸಕ್ಕರೆ ಬಿಟ್ಟು ಎರಡು ವಾರವಾಯಿತು, ಕಾಫಿ ಇನ್ನೂ ಕಷಾಯದ ಹಾಗೇ ಇದೆ. ನಾಲಿಗೆ ನಿಜಕ್ಕೂ ಬದಲಾಗುತ್ತದೆಯೇ?

ಬದಲಾಗುತ್ತದೆ. ಆದರೆ ಎರಡು ವಾರ ಸಾಲದು.

ನಾನು ಲೋಟಕ್ಕೆ ಎರಡು ಚಮಚ ಸಕ್ಕರೆ ಸುರಿಯುತ್ತಿದ್ದವನು, ದಿನಕ್ಕೆ ನಾಲ್ಕು ಲೋಟ. ಚಮಚಕ್ಕೆ 4 ಗ್ರಾಂ ಎಂದರೂ ಕಾಫಿಯಲ್ಲೇ 32 ಗ್ರಾಂ ಆಯಿತು. ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಮ್ಮೆಲೇ ಬಿಡಲು ಹೋಗಿ ಎರಡು ಸಲ ಸೋತೆ. ಮೂರನೇ ಸಲ ಹದಿನೈದು ದಿನಕ್ಕೊಮ್ಮೆ ಅರ್ಧರ್ಧ ಚಮಚ ಇಳಿಸುತ್ತಾ ಬಂದೆ.

ಬದಲಾವಣೆ ಮೊದಲು ಗೊತ್ತಾಗಿದ್ದು ಕಾಫಿಯಲ್ಲಲ್ಲ, ಸಾರಿನಲ್ಲಿ. ನಮ್ಮದು ಉಡುಪಿ ಕಡೆ, ಸಾರಿಗೆ ಬೆಲ್ಲ ಬೀಳಲೇಬೇಕು. ಮೂರನೇ ತಿಂಗಳಲ್ಲಿ ಊರಿಗೆ ಹೋದಾಗ ಮೊದಲ ತುತ್ತಿಗೇ, "ಅಮ್ಮಾ, ಇವತ್ತು ಬೆಲ್ಲ ಜಾಸ್ತಿ ಬಿತ್ತಾ?" ಅಂದೆ. "ಯಾವತ್ತಿನಷ್ಟೇ ಹಾಕಿದ್ದು ಮಾರಾಯ, ನಿನ್ನ ಬಾಯಿಗೆ ಏನಾಗಿದೆ?" ಅಂದರು. ಬೆಂಗಳೂರಿನ ದರ್ಶಿನಿಯ ಸಾಂಬಾರಂತೂ ಈಗ ಪಾಯಸಕ್ಕೆ ಇಡ್ಲಿ ಅದ್ದಿದ ಹಾಗೆ. ಬರೀ ಹಾಲಿನಲ್ಲೂ ತೆಳುವಾದ ಸಿಹಿ ಇದೆ ಅಂತ ಗೊತ್ತಾಗಿದ್ದೂ ಆಗಲೇ.

ಇದು ನನ್ನೊಬ್ಬನ ಭ್ರಮೆಯೇನೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ, ರುಚಿ ಮತ್ತು ವಾಸನೆಯ ಬಗ್ಗೆ ಸಂಶೋಧನೆ ಮಾಡುವ ಮೊನೆಲ್ ಕೇಂದ್ರದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ಮೂರು ತಿಂಗಳು ಸಕ್ಕರೆ ಕಡಿಮೆ ಮಾಡಿಸಿ, ನಡುನಡುವೆ ಪುಡ್ಡಿಂಗ್ ರುಚಿ ನೋಡಿಸಿದರು. ಎರಡನೇ ತಿಂಗಳಲ್ಲಿ ವ್ಯತ್ಯಾಸ ಶುರುವಾಯಿತು. ಮೂರನೆಯದರಲ್ಲಿ ಅದೇ ಪುಡ್ಡಿಂಗ್ ಅವರಿಗೆ, ಸಕ್ಕರೆ ಕಡಿಮೆ ಮಾಡದ ಇನ್ನೊಂದು ಗುಂಪಿನವರಿಗಿಂತ ಸುಮಾರು ಶೇ. 40ರಷ್ಟು ಹೆಚ್ಚು ಸಿಹಿ ಎನಿಸಿತು. ರುಚಿಮೊಗ್ಗಿನ ಜೀವಕೋಶಗಳು ಹತ್ತು ದಿನಕ್ಕೊಮ್ಮೆ ಹೊಸದಾಗುತ್ತವೆ, ಹಾಗಾಗಿ ಹತ್ತೇ ದಿನ ಸಾಕು ಅಂತ ಹೇಳುವವರಿದ್ದಾರೆ. ಹೊಸದಾಗುವುದೇನೋ ನಿಜ, ಆದರೆ ಅಷ್ಟೇ ಸಾಕಾಗಿದ್ದರೆ ಅಧ್ಯಯನದಲ್ಲಿದ್ದವರಿಗೆ ಎರಡನೇ ತಿಂಗಳವರೆಗೆ ಕಾಯುವ ಕೆಲಸ ಇರುತ್ತಿರಲಿಲ್ಲ.

ಆ ಅಧ್ಯಯನದಲ್ಲಿ ಜನ ಸಾಮಾನ್ಯವಾಗಿ ಹೇಳದೆ ಬಿಡುವ ಮಾತೊಂದಿದೆ: ಸಿಹಿ ಜೋರಾಗಿ ಅನ್ನಿಸಿತೇ ಹೊರತು, ಎಷ್ಟು ಸಿಹಿ ಇಷ್ಟ ಅನ್ನುವುದು ಬದಲಾಗಲಿಲ್ಲ. ನಿಮ್ಮಿಷ್ಟದಂತೆ ತಿನ್ನಿ ಅಂದ ಕೂಡಲೇ ಅವರು ಬೇಗನೆ ಮತ್ತೆ ಸಕ್ಕರೆ ಹೆಚ್ಚಿಸಿಕೊಂಡರು, ಆ ವ್ಯತ್ಯಾಸವೂ ಅಳಿಸಿಹೋಯಿತು. ಹಾಗಾಗಿ "ಆಮೇಲೆ ಸಿಹಿಯೇ ಬೇಡ ಅನ್ನಿಸುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಹೋಳಿಗೆ ಕಂಡರೆ ಈಗಲೂ ಕೈ ತಡೆಯುವುದಿಲ್ಲ.

ಇನ್ನೊಂದು ವಿಷಯ, ಸಕ್ಕರೆ ಬದಲು ಬೆಲ್ಲವನ್ನೋ ಜೇನನ್ನೋ ಹಾಕಿಕೊಳ್ಳುತ್ತಿದ್ದರೆ ನೀವು ಇನ್ನೂ ಬಿಡಲು ಶುರುವೇ ಮಾಡಿಲ್ಲ. ಡಿಕಾಕ್ಷನ್ ಸ್ವಲ್ಪ ತೆಳುವಾಗಿಸಿ, ಹಾಲು ಗಟ್ಟಿ ಇರಲಿ, ಕಹಿ ತಗ್ಗುತ್ತದೆ. ನಾನೀಗ ಅರ್ಧ ಚಮಚಕ್ಕೆ ಬಂದು ನಿಂತಿದ್ದೇನೆ. ಅದನ್ನು ಬಿಡುವ ಯೋಚನೆಯಿಲ್ಲ.