ಕುಟುಂಬ ಪ್ರಾರ್ಥನೆ ಎರಡೇ ವಾರಕ್ಕೆ ನಿಲ್ಲುತ್ತಿದೆಯೇ?

ಪ್ರಶ್ನೆ: ವರ್ಷದೊಳಗೆ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸೋಣವೆಂದು ರಾತ್ರಿಯ ಕುಟುಂಬ ಪ್ರಾರ್ಥನೆ ಶುರುಮಾಡಿದೆವು. ಮಕ್ಕಳು ಆಕಳಿಸುತ್ತಾರೆ, ಎರಡೇ ವಾರಕ್ಕೆ ನಿಂತುಹೋಯಿತು. ಏನು ಮಾಡಲಿ?

ಉತ್ತರ: ಎರಡು ಕೆಲಸಗಳನ್ನು ಒಂದಕ್ಕೊಂದು ಗಂಟುಹಾಕಿದ್ದೀರಿ, ತೊಡಕು ಅಲ್ಲೇ. ಸತ್ಯವೇದದ 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರು-ನಾಲ್ಕು ಬೇಕು. ಅದನ್ನು ಬೆಳಿಗ್ಗೆ ನೀವೊಬ್ಬರೇ ಓದಿಕೊಳ್ಳಿ.

ಮಕ್ಕಳ ಜೊತೆ ಹದಿನೈದು ನಿಮಿಷ ಸಾಕು. ಮಲಗುವ ಹೊತ್ತಿಗಲ್ಲ, ಊಟ ಮುಗಿದ ಕೂಡಲೇ. ಒಂದು ಹಾಡು, ಹತ್ತು-ಹದಿನೈದು ವಚನ, ‘ಇಲ್ಲಿ ಯೇಸು ಏನು ಮಾಡಿದನು?’ ಎಂಬಂಥ ಒಂದೇ ಪ್ರಶ್ನೆ, ಚಿಕ್ಕ ಪ್ರಾರ್ಥನೆ. ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯಿಂದ ಶುರುಮಾಡಿ: 16 ಅಧ್ಯಾಯ, ಘಟನೆಗಳು ಒಂದರ ಹಿಂದೊಂದು ಬರುತ್ತವೆ. ಮೊದಲ ಪುಸ್ತಕವಾದ ಆದಿಕಾಂಡದಿಂದ ಹೊರಟವರು ಎರಡನೆಯದಾದ ವಿಮೋಚನಕಾಂಡದ 25ನೇ ಅಧ್ಯಾಯದಿಂದ ಬರುವ ಆರಾಧನೆಯ ಗುಡಾರದ ಮೊಳದ ಲೆಕ್ಕದಲ್ಲಿ ಸಿಕ್ಕಿಕೊಳ್ಳುತ್ತಾರೆ. ಆ ಭಾಗವೂ ದೇವರ ವಾಕ್ಯವೇ, ಆದರೆ ಆರು ವರ್ಷದ ಮಗುವಿಗೆ ಮೊದಲ ಪಾಠವಲ್ಲ.

ಇನ್ನೊಂದು ಮಾತು. ‘ಕರ್ತನೇ, ಇವನಿಗೆ ಓದುವ ಬುದ್ಧಿ ಕೊಡು’ ಎಂದು ಮಗನ ಎದುರೇ ಪ್ರಾರ್ಥಿಸಬೇಡಿ. ಅವನ ಕಿವಿಗೆ ಅದು ಬೈಗುಳ. ನಿಮ್ಮ ಸಿಡುಕಿಗೆ ಕ್ಷಮೆ ಬೇಡಿದರೆ ಅವನೂ ಬಾಯಿಬಿಡುತ್ತಾನೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಾಲು ಓದಿಸಬೇಡಿ, ನಿಂತಲ್ಲಿಂದಲೇ ಮುಂದುವರಿಸಿ.