ಓದುಗರ ಪ್ರಶ್ನೆ: ಮುದುಕಿಯ ತಲೆಬುರುಡೆ ಗಂಡಸಿನದರಂತೆ ಕಾಣುವುದೇಕೆ?

ಪ್ರಶ್ನೆ: ಪ್ರಾಯೋಗಿಕ ತರಗತಿಯಲ್ಲಿ ಒಂದು ತಲೆಬುರುಡೆ ನೋಡಿ ‘ಗಂಡು’ ಎಂದು ಬರೆದೆ. ದಾಖಲೆಯಲ್ಲಿ ಎಪ್ಪತ್ತು ದಾಟಿದ ಹೆಂಗಸು ಎಂದಿತ್ತು. ಹುಬ್ಬಿನ ಎಲುಬು ಚೆನ್ನಾಗಿಯೇ ಉಬ್ಬಿತ್ತು. ಎಲ್ಲಿ ಎಡವಿದೆ?
– ಮಾನವಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಉತ್ತರ: ವಯಸ್ಸು ಅಂದಾಜಿಸುವ ಮೊದಲೇ ಲಿಂಗ ಬರೆದಿರಿ, ಅದಕ್ಕೇ ಹೀಗಾಯಿತು. ಹರೆಯಕ್ಕೆ ಬರುವವರೆಗೆ ಗಂಡು–ಹೆಣ್ಣು ಬುರುಡೆಗಳಲ್ಲಿ ನಂಬುವಂಥ ವ್ಯತ್ಯಾಸವೇ ಇಲ್ಲ. ಆಮೇಲೆ ಗಂಡಸಿನ ಹುಬ್ಬು, ಕಿವಿಯ ಹಿಂದಿನ ಮಾಸ್ಟಾಯ್ಡ್ ಉಬ್ಬು, ಹಿಂದಲೆಯ ಏಣು ಬಲಿಯುತ್ತವೆ. ಇಪ್ಪತ್ತಕ್ಕೆ ಈ ಕೆಲಸ ಮುಗಿದಿರುವುದಿಲ್ಲ. ಹೆಂಗಸರಲ್ಲೂ ಎಲುಬಿನ ಹೊರಮೈಗೆ ಬದುಕಿಡೀ ತುಸುತುಸುವೇ ಪದರ ಕೂಡುತ್ತದೆ. ಮುಟ್ಟು ನಿಂತ ಮೇಲೆ ಹುಬ್ಬಿನ ಉಬ್ಬು ಇನ್ನಷ್ಟು ಕಣ್ಣಿಗೆ ಬೀಳುತ್ತದೆ.

ಲಂಡನ್ನಿನ ಚರ್ಚೊಂದರ ನೆಲಮಾಳಿಗೆಯಿಂದ ಹೊರತೆಗೆದ ಹಲವು ಶವಪೆಟ್ಟಿಗೆಗಳ ಮೇಲೆ ಸತ್ತವರ ಹೆಸರು, ವಯಸ್ಸು ಬರೆದ ಫಲಕಗಳಿದ್ದವು. ಅಲ್ಲಿ ಈ ಗೊಂದಲ ಸ್ಪಷ್ಟವಾಗಿ ಕಂಡಿತು: 30ರೊಳಗಿನ ಗಂಡಸರು ಹೆಣ್ಣಿನ ಕಡೆಗೆ, 45 ದಾಟಿದ ಹೆಂಗಸರು ಗಂಡಿನ ಕಡೆಗೆ ವಾಲಿದ್ದರು. ಹಾಗಾಗಿ ಎಳೆಯರ ರಾಶಿಯಲ್ಲಿ ‘ಹೆಣ್ಣು’ ಹೆಚ್ಚಾಗಿ, ಮುದುಕರ ರಾಶಿಯಲ್ಲಿ ‘ಗಂಡು’ ಹೆಚ್ಚಾಗಿ ಬಂದರೆ ಮೊದಲು ನಿಮ್ಮ ತೀರ್ಮಾನವನ್ನೇ ಶಂಕಿಸಿ.

ಮುಂದಿನ ಸಲ ಹೀಗೆ ಮಾಡಿ. ಸೊಂಟದ ಮುಂಭಾಗದಲ್ಲಿ ಪ್ಯೂಬಿಕ್ ಎಲುಬುಗಳು ಕೂಡುವ ಜಾಗ, ನಾಲ್ಕನೆಯ ಪಕ್ಕೆಲುಬಿನ ಮುಂತುದಿ ಸಿಕ್ಕರೆ ಅವುಗಳಿಂದ ವಯಸ್ಸು ಅಂದಾಜಿಸಿ. ಬುರುಡೆಯ ಹೊಲಿಗೆಗಳು (ಎಲುಬುಗಳು ಒಂದಕ್ಕೊಂದು ಸೇರುವ ಗೆರೆಗಳು) ಕೂಡಿಕೊಂಡಿವೆಯೆಂದು ಬರೀ ಅದರ ಮೇಲೆ ವಯಸ್ಸು ಹೇಳಬೇಡಿ, ಅವು ಒಬ್ಬೊಬ್ಬರಲ್ಲಿ ಒಂದೊಂದು ಹೊತ್ತಿಗೆ ಕೂಡುತ್ತವೆ. ನಂತರ ಐದು ಜಾಗಗಳಿಗೆ ತಲಾ 1ರಿಂದ 5 ಅಂಕ ಕೊಡಿ. ನಯವಾದದ್ದಕ್ಕೆ 1, ಒರಟಾದದ್ದಕ್ಕೆ 5. ಕಣ್ಣುಗೂಡಿನ ಮೇಲಂಚನ್ನು ಹೆಬ್ಬೆರಳು–ತೋರುಬೆರಳ ನಡುವೆ ಹಿಡಿಯಿರಿ: ಹರಿತವಾಗಿದ್ದರೆ ಹೆಣ್ಣಿನ ಕಡೆ, ಪೆನ್ಸಿಲಿನಂತೆ ದುಂಡಗಿದ್ದರೆ ಗಂಡಿನ ಕಡೆ. ಹುಬ್ಬುಗಳ ನಡುವಿನ ಉಬ್ಬನ್ನು, ಹಿಂದಲೆಯ ಏಣನ್ನು ಪಕ್ಕದಿಂದ ನೋಡಬೇಕು. ಮಾಸ್ಟಾಯ್ಡಿನಲ್ಲಿ ಉದ್ದ ಅಳೆಯಬೇಡಿ, ಅದರ ಗಾತ್ರ ನೋಡಿ. ಐದನೆಯದು ಗದ್ದ. ಒಂದರ ಅಂಕ ಇನ್ನೊಂದನ್ನು ಎಳೆಯದಂತೆ ಪ್ರತಿಯೊಂದನ್ನೂ ಬೇರೆಯಾಗಿ ನೋಡಿ ಬರೆಯಿರಿ. ವಯಸ್ಸಾದವರಲ್ಲಿ ಹುಬ್ಬೊಂದೇ ಜೋರಾಗಿದ್ದು ಉಳಿದವು 2ರ ಆಸುಪಾಸಿನಲ್ಲಿದ್ದರೆ ‘ಗಂಡು’ ಎನ್ನಲು ಅವಸರಿಸಬೇಡಿ. ಈ ಅಂಕಪಟ್ಟಿ ಹೆಚ್ಚಾಗಿ ಯುರೋಪ್, ಅಮೆರಿಕದ ಸಂಗ್ರಹಗಳ ಮೇಲೆ ನಿಂತದ್ದು. ನಮ್ಮ ಕಡೆಯ ಬುರುಡೆಗಳಿಗೆ ಗಂಡು–ಹೆಣ್ಣಿನ ಗಡಿ ಬೇರೆಯಾಗಬಹುದು.

ಸೊಂಟದ ಎಲುಬು ಇದ್ದರೆ ಅದರ ಮಾತೇ ಕೊನೆ. ಹೆರಿಗೆಗೆ ಹೊಂದುವ ಅದರ ಆಕಾರವನ್ನು ಮುಪ್ಪು ಅಷ್ಟಾಗಿ ಅಳಿಸುವುದಿಲ್ಲ.

ಪ್ರಶ್ನೆ: ಹಲ್ಲೆಲ್ಲ ಬಿದ್ದ ಮೇಲೆ ನಮ್ಮ ಅಜ್ಜಿಯ ಗದ್ದ ಮುಂದೆ ಬಂದಿದೆ. ಎಲುಬು ಬೆಳೆಯಿತೇ?
– ಓದುಗರು, ಹಾವೇರಿ

ಉತ್ತರ: ಬೆಳೆದಿಲ್ಲ. ಹಲ್ಲು ಊರಿದ್ದ ದಿಂಡು ಕರಗಿದೆ. ಹಲ್ಲು ಹೋದ ಮೊದಲ ವರ್ಷ ಇದು ಬೇಗ ಕರಗುತ್ತದೆ, ಮೇಲ್ದವಡೆಗಿಂತ ಕೆಳದವಡೆಯಲ್ಲಿ ಹೆಚ್ಚು. ತಡೆಯಲು ಹಲ್ಲಿಲ್ಲದ್ದರಿಂದ ಬಾಯಿ ಮುಚ್ಚಿದಾಗ ಕೆಳದವಡೆ ಇನ್ನೂ ಮೇಲೆ, ಮುಂದೆ ಸರಿದು ಗದ್ದ ಎದ್ದು ಕಾಣುತ್ತದೆ. ಹಲ್ಲಿಲ್ಲದ ದವಡೆಯ ಗದ್ದ ನೋಡಿ ಗಂಡು–ಹೆಣ್ಣು ಹೇಳುವವರು ಮೋಸ ಹೋಗುವುದು ಇಲ್ಲಿಯೇ. ಅಜ್ಜಿಗೆ ಕಟ್ಟಿಸಿದ ಹಲ್ಲಿನ ಸೆಟ್ಟಿದ್ದು ಈಗ ಸಡಿಲಾಗಿದ್ದರೆ ಅದಕ್ಕೂ ಇದೇ ಕಾರಣ. ದಂತವೈದ್ಯರು ಒಳಮೈಗೆ ಹೊಸ ಪದರ ಹಾಕಿ ಕೂರಿಸಿಕೊಡುತ್ತಾರೆ.

ಪ್ರಶ್ನೆ: ಬಿದ್ದು ಪೆಟ್ಟಾದ 68 ವರ್ಷದ ತಾಯಿಗೆ ಸಿಟಿ ಸ್ಕ್ಯಾನ್ ಮಾಡಿಸಿದೆವು. ಹಣೆಯ ಎಲುಬು ಒಳಗೆ ಎರಡೂ ಕಡೆ ದಪ್ಪಗಾಗಿದೆ ಎಂದು ಬರೆದಿದ್ದಾರೆ. ಹೆದರಬೇಕೆ?
– ಓದುಗರು, ಗದಗ

ಉತ್ತರ: ಮುಟ್ಟು ನಿಂತ ಹೆಂಗಸರಲ್ಲಿ ಇದು ಆಗಾಗ ಕಾಣುತ್ತದೆ, ಗಂಡಸರಲ್ಲಿ ಅಪರೂಪ. ಸಾಮಾನ್ಯವಾಗಿ ಎರಡೂ ಬದಿ ಸಮನಾಗಿ ದಪ್ಪಗಾಗಿ ನಡುಗೆರೆ ಮಾತ್ರ ಬಿಟ್ಟಿರುತ್ತದೆ. ಅಂಥದ್ದು ಬಹುತೇಕ ನಿರಪಾಯ, ಚಿಕಿತ್ಸೆ ಬೇಕಾಗುವುದಿಲ್ಲ. ಒಂದೇ ಬದಿಗೆ ದಪ್ಪಗಿದ್ದರೆ, ಬಿಡದ ತಲೆನೋವು, ಫಿಟ್ಸ್ ಅಥವಾ ಕಿವಿ ಮಂದವಾಗುವುದು ಜೊತೆಗಿದ್ದರೆ ಪ್ಯಾಜೆಟ್ ಕಾಯಿಲೆ (ಎಲುಬು ಅಡ್ಡಾದಿಡ್ಡಿಯಾಗಿ ದಪ್ಪಗಾಗುವ ರೋಗ), ಮೆದುಳಪೊರೆಯ ಗೆಡ್ಡೆ ಇಲ್ಲವೆಂದು ನರರೋಗ ತಜ್ಞರಿಂದ ಖಾತ್ರಿ ಮಾಡಿಸಿಕೊಳ್ಳಿ. ಹೋಗುವಾಗ ವರದಿಯ ಹಾಳೆಯೊಂದೇ ಸಾಲದು, ಸ್ಕ್ಯಾನಿನ ಫಿಲ್ಮನ್ನೂ ಒಯ್ಯಿರಿ.