ಲ್ಯಾಬಿನ ಪ್ಲಾಸ್ಮಾದಲ್ಲಿ ನೆಟ್ಟಗೆ ಸಾಗುವ ಅಲೆ ಅಂಕೆ ತಪ್ಪುವುದು ಹೇಗೆ?

ಅಲೆ ದೊಡ್ಡದಾದಾಗ, ತಾನು ಸಾಗುವ ಪ್ಲಾಸ್ಮಾವನ್ನೇ ಬದಲಿಸಿಬಿಡುತ್ತದೆ. ಆಗ ಅಲೆಗಳು ಒಂದಕ್ಕೊಂದು ಶಕ್ತಿ ದಾಟಿಸತೊಡಗುತ್ತವೆ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಪ್ಲಾಸ್ಮಾ ಅಂದರೆ ಎಲೆಕ್ಟ್ರಾನ್, ಅಯಾನುಗಳಾಗಿ ಒಡೆದ ಅನಿಲ. ನಮ್ಮ ದಾವಣಗೆರೆಯ ಅಂಗಡಿಗಳ ಹಳೇ ಟ್ಯೂಬ್‌ಲೈಟಿನೊಳಗೂ ಇರುವುದು ಅದೇ. ಚಿಕ್ಕ ಅಲೆಗಳು ಎದುರಾದರೂ ಸುಮ್ನೆ ದಾಟಿ ಹೋಗುತ್ತವೆ. ದೊಡ್ಡವು ಹಾಗಲ್ಲ. ಉದಾಹರಣೆಗೆ 10 ಮತ್ತು 13 ಕಿಲೋಹರ್ಟ್ಸ್ ಅಲೆಗಳು ಬೆರೆತರೆ ಕೂಡಿದ 23ರದ್ದು, ಕಳೆದ 3ರದ್ದು ಹುಟ್ಟಬಹುದು. ಅಲೆಯುದ್ದಗಳೂ ಹೊಂದಬೇಕು, ಅಷ್ಟೇ. ಹೊಸವು ಹಳೆಯವುಗಳ ಜೊತೆ ಮತ್ತೆ ಬೆರೆಯುತ್ತವೆ.

ಪ್ರಯೋಗದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಗಾಳಿ ತೆಗೆದ ಕೊಳವೆಯಲ್ಲಿ ಪ್ಲಾಸ್ಮಾ ಇರುತ್ತದೆ, ಸುತ್ತ ಕಾಂತದ ಸುರುಳಿಗಳು. ಒಳಗೆ ತೂರಿಸಿದ ಸಣ್ಣ ಟಂಗ್‌ಸ್ಟನ್ ತಂತಿಯ ಸಂಕೇತ ಆಸಿಲೋಸ್ಕೋಪಿನ ಪರದೆಯಲ್ಲಿ ಗೆರೆಯಾಗಿ ಕಾಣುತ್ತದೆ. ನಡುವೆ ದಟ್ಟ, ಅಂಚಿನಲ್ಲಿ ತೆಳು ಇರುವ ಪ್ಲಾಸ್ಮಾದ ಈ ವ್ಯತ್ಯಾಸವೇ ಅಲೆಗೆ ಶಕ್ತಿ ಕೊಡುತ್ತದೆ. ವೋಲ್ಟೇಜನ್ನೋ ಕಾಂತಕ್ಷೇತ್ರವನ್ನೋ ಮೆಲ್ಲಗೆ ಏರಿಸಿ ನೋಡಿ. ಮೊದಲು ಒಂದೇ ಲಯದ ನುಣುಪಾದ ಗೆರೆ. ಆಮೇಲೆ ಎರಡನೇ ಲಯ ಸೇರಿ ಗೆರೆ ಉಬ್ಬಿ ಇಳಿಯುತ್ತದೆ. ಇನ್ನೂ ಏರಿಸಿದರೆ ಗೆರೆ ಮತ್ತೆಂದೂ ಅದೇ ಥರ ಬರುವುದಿಲ್ಲ.

ಈ ಹಂತ ಕೇಯಾಸ್: ಕೆಲವೇ ಅಲೆಗಳು, ಆದರೆ ಆರಂಭದ ಕೂದಲೆಳೆ ವ್ಯತ್ಯಾಸವೂ ಬೇಗ ಬೆಳೆಯುತ್ತದೆ. ಸಣ್ಣ, ದೊಡ್ಡ ಎಲ್ಲ ಅಳತೆಯ ಸುಳಿಗಳೂ ಎದ್ದರೆ ಅದು ಟರ್ಬುಲೆನ್ಸ್. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಅಲ್ವಾ?

ಟೋಕಾಮ್ಯಾಕ್ ಅಂದರೆ ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಬಳೆಯಾಕಾರದ ಯಂತ್ರ. ಅದರಲ್ಲಿ ಪ್ಲಾಸ್ಮಾದ ಶಾಖ ಹೊರಗೆ ಸೋರಲು ಈ ಸುಳಿಗಳೇ ಮುಖ್ಯ ಕಾರಣ. ಗುಜರಾತಿನ ಗಾಂಧಿನಗರದ ಬಳಿಯ ‘ಆದಿತ್ಯ’ ಕೂಡ ಇಂಥದ್ದೇ ಒಂದು ಯಂತ್ರ.